ಹೊಳೆ ಪುಸ್ತಕದ ಎರಡು ಫಾರಂ

ಕಾಲೇಜಿನ ಲೈಬ್ರರಿಯ ಹಿಂದೆ, ಮಹಡಿ ಮೆಟ್ಟಿಲ ಕೆಳಗಿನ ಜಾಗಕ್ಕೆ ಇಟ್ಟಿಗೆ ಕಟ್ಟಿ ಬಾಗಿಲಿಟ್ಟು ಮಾಡಿದ ಒಂದು ಕೋಣೆಯಿದೆ. ಅದರ ಚಾವಣಿ ಒಂದು ಕಡೆ ಎತ್ತರ, ಇನ್ನೊಂದು ಕಡೆ ಇಳಿಜಾರು. ಎತ್ತರದ ಕಡೆ ಕತ್ತರಿಸುವ ಯಂತ್ರ, ಇಳಿಜಾರಿನ ಕಡೆ ರಟ್ಟಿನ ಹಾಳೆಗಳ ಅಟ್ಟಿ, ನಡುವೆ ಉದ್ದನೆಯ ಮೇಜು. ಮೇಜಿನ ಮೇಲೆ ಅಂಟಿನ ಡಬ್ಬಿ, ಮೇಣ ಸವರಿದ ದಾರದ ಉಂಡೆ, ದಬ್ಬಳ, ಮಡಿಕೆ ತೀಡುವ ಮೂಳೆಯ ಪಟ್ಟಿ. ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಕೂತು ಹರಿದ ಪುಸ್ತಕಗಳಿಗೆ ಬೆನ್ನು ಕೂರಿಸುತ್ತಿರುವ ಹೆಂಗಸನ್ನು ಕಾಲೇಜಿನಲ್ಲಿ ಎಲ್ಲರೂ ರಟ್ಟಕ್ಕ ಎನ್ನುತ್ತಾರೆ.

ರಟ್ಟಕ್ಕ ಹೆಚ್ಚು ಓದಿದವಳಲ್ಲ. ಆದರೆ ಯಾವ ಪುಸ್ತಕ ಓದಿಸಿಕೊಂಡು ಹರಿದಿದೆ, ಯಾವುದು ಕಪಾಟಿನಲ್ಲಿ ಸುಮ್ಮನೆ ನಿಂತೇ ಹಣ್ಣಾಗಿದೆ ಎಂದು ಬೆನ್ನು ಮುಟ್ಟಿ ಹೇಳಬಲ್ಲಳು. "ರಟ್ಟಕ್ಕಾ, ಈ ಪುಸ್ತಕ ಉಳಿಯುತ್ತಾ?" ಎಂದು ಹುಡುಗರು ಕೇಳಿದರೆ, "ಪುಸ್ತಕ ಉಳಿಯುತ್ತಪ್ಪ, ಹೀಗೇ ಓದದೆ ಓಡಾಡಿಕೊಂಡಿದ್ರೆ ನೀನು ಉಳಿಯಲ್ಲ" ಎಂದು ತಲೆಯೆತ್ತದೆ ಹೇಳುತ್ತಾಳೆ.

ಅವಳ ಕೋಣೆಗೂ ಪಕ್ಕದ ತರಗತಿಗೂ ನಡುವೆ ಒಂದೇ ಗೋಡೆ. ಯಾವ ಕಾಲದಲ್ಲೋ ನೀರಿನ ಕೊಳವೆಗೆಂದು ಕೊರೆದ ಕಂಡಿಯೊಂದು ಅದರಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಕೊಳವೆ ಬರಲಿಲ್ಲ, ಪಾಠ ಬಂತು. ವಾರಕ್ಕೆ ಮೂರು ದಿನ, ಎರಡನೆಯ ಗಂಟೆಗೆ, ಹೊಳೆ ಮೇಷ್ಟ್ರ ಪಾಠ.

ಹೊಳೆ ಮೇಷ್ಟ್ರು ಎಂದು ಹೆಸರು ಬಿದ್ದದ್ದು ಅವರು ಪ್ರತಿವರ್ಷ ಪಾಠ ಮಾಡುತ್ತಿದ್ದ ಒಂದು ಕಾದಂಬರಿಯಿಂದ. ದೇಶವನ್ನು ಆಳಿ ಹೋದವರಲ್ಲೇ ಒಬ್ಬ, ಇಲ್ಲಿ ಅಧಿಕಾರಿಯಾಗಿದ್ದು ಊರಿಗೆ ಮರಳಿದ ಮೇಲೆ ಬರೆದದ್ದು. ಒಂದು ಹೊಳೆ, ಒಂದು ದೋಣಿ, ದೋಣಿಯಲ್ಲಿ ಕೂತ ಒಬ್ಬ ಅಧಿಕಾರಿ, ಅವನ ಬೆನ್ನ ಹಿಂದೆ ನಿಂತು ಹುಟ್ಟು ಹಾಕುವ ಅಂಬಿಗ. ಇಡೀ ಪುಸ್ತಕ ಒಂದೇ ದಿನದಲ್ಲಿ ನಡೆಯುತ್ತದೆ, ಅದೂ ಅಧಿಕಾರಿಯ ತಲೆಯೊಳಗೆ. ಅಧ್ಯಾಯಗಳಿಲ್ಲ. ವಾಕ್ಯಗಳು ಅರ್ಧಕ್ಕೆ ನಿಂತು ಇನ್ನೆಲ್ಲೋ ಶುರುವಾಗುತ್ತವೆ. ನಿನ್ನೆ ಇವತ್ತಿನೊಳಗೆ ನುಗ್ಗುತ್ತದೆ, ನಾಳೆ ನೆನಪಿನ ಹಾಗೆ ಬರುತ್ತದೆ. ಆ ಕಾಲದಲ್ಲಿ ಅದು ಹೊಸ ಬಗೆಯ ಬರವಣಿಗೆಯಂತೆ. ಈಗ ಎಲ್ಲೂ ಸಿಗದ ಪುಸ್ತಕ. ಕಾಲೇಜಿನಲ್ಲಿದ್ದದ್ದು ಒಂದೇ ಪ್ರತಿ. ಹುಡುಗರು ಅದನ್ನೇ ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದರು.

"ಅಂಬಿಗ ಮುಳುಗಿದ. ಎಷ್ಟು ಸಾಲಿನಲ್ಲಿ? ಮೂರು ಸಾಲಿನಲ್ಲಿ!" ಮೇಷ್ಟ್ರ ಗಂಟಲು ಗೋಡೆ ದಾಟಿ ಬರುತ್ತಿತ್ತು. "ನಾಲ್ಕನೇ ಸಾಲಿನಲ್ಲಿ ಸಾಹೇಬ್ರಿಗೆ ಒದ್ದೆಯಾದ ಟೋಪಿ ಚಿಂತೆ. ಈಗ ಪುಟ ತಿರುಗಿಸಿ. ದೋಣೀಲಿ ಯಾರು ನಿಂತಿದ್ದಾರೆ? ಅದೇ ಅಂಬಿಗ! ಸತ್ತವನು ಬಂದು ನಿಂತಿದ್ದಾನೆ, ಮಾತೂ ಆಡ್ತಾನೆ. ಸಾಹೇಬ್ರಿಗೆ ಆಶ್ಚರ್ಯವೇ ಇಲ್ಲ. ಯಾಕೆ? ಆಳುವವನ ಕಣ್ಣಿಗೆ ನಮ್ಮಲ್ಲಿ ಒಬ್ಬ ಸತ್ತದ್ದೂ ಕಾಣಲ್ಲ, ಇದ್ದದ್ದೂ ಕಾಣಲ್ಲ. ಇದನ್ನ ಬರೆದುಕೊಳ್ಳಿ."

ಗೋಡೆಯಾಚೆ ಎಲ್ಲರೂ ಬರೆದುಕೊಳ್ಳುತ್ತಿದ್ದರು. ಗೋಡೆಯೀಚೆ ರಟ್ಟಕ್ಕ ದಬ್ಬಳಕ್ಕೆ ದಾರ ಪೋಣಿಸುತ್ತ ಕೇಳುತ್ತಿದ್ದಳು. ಸಾಮ್ರಾಜ್ಯ ಎಂದರೆ ಅವಳ ಮನಸ್ಸಿಗೆ ಕೋಟೆ, ಕಿರೀಟ ಬರುತ್ತಿರಲಿಲ್ಲ; ಹಿಂದೆ ನಿಂತವನ ಕಡೆ ಒಮ್ಮೆಯೂ ತಿರುಗಿ ನೋಡದ ಒಂದು ಟೋಪಿ ಬರುತ್ತಿತ್ತು. ಆ ಪಾಠ ಅವಳಿಗೆ ಬಾಯಿಪಾಠ. ಆದರೂ ಸತ್ತ ಅಂಬಿಗ ಬಂದು ನಿಲ್ಲುವ ಜಾಗ ಬಂದಾಗಲೆಲ್ಲ ಅವಳ ಕೈ ಒಂದು ಗಳಿಗೆ ತಡೆಯುತ್ತಿತ್ತು. ಅದಕ್ಕೆ ಕಾರಣ ಅವಳೊಬ್ಬಳಿಗೇ ಗೊತ್ತು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಆ ಪುಸ್ತಕ ಅವಳ ಕೈಗೆ ಬಂದಿತ್ತು. ಬೆನ್ನು ಮುರಿದು, ಹೊಲಿಗೆ ಕಿತ್ತು, ಹುಳ ತಿಂದು ಜರಡಿಯಾಗಿತ್ತು. ಹದಿನಾರು ಪುಟಗಳ ಒಂದೊಂದು ಮಡಿಕೆಗೆ ಅಚ್ಚಿನವರು ಫಾರಂ ಎನ್ನುತ್ತಾರೆ. ಅವಳು ಫಾರಂಗಳನ್ನು ಬಿಡಿಸಿ, ಹಳೆಯ ಅಂಟು ತೊಳೆದು, ಅಂಚು ಸಮ ಮಾಡೋಣವೆಂದು ಯಂತ್ರಕ್ಕೆ ಕೊಟ್ಟಳು. ಅಲಗು ಒಂದು ಬೆರಳಿನಷ್ಟು ಹೆಚ್ಚು ಒಳಗೆ ಇಳಿಯಿತು. ಪುಟಗಳ ತಲೆಯ ಮೇಲಿದ್ದ ಅಂಕಿಗಳೆಲ್ಲ ಒಂದೇ ಏಟಿಗೆ ನೆಲಕ್ಕೆ ಬಿದ್ದವು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಫಾರಂಗಳ ಕಾಲಬುಡದಲ್ಲಿ ಸರದಿಗೆಂದು ಒಂದೊಂದು ಸಣ್ಣ ಅಕ್ಷರ ಅಚ್ಚಾಗಿರುತ್ತದೆ. ಅದನ್ನು ಹಿಡಿದು ಜೋಡಿಸುತ್ತ ಬಂದಳು. ಎರಡು ಫಾರಂಗಳಲ್ಲಿ ಮಾತ್ರ ಆ ಅಕ್ಷರವಿದ್ದ ಮೂಲೆಯನ್ನೇ ಹುಳ ತಿಂದಿತ್ತು. ಎರಡರಲ್ಲಿ ಯಾವುದು ಮುಂದೆ, ಯಾವುದು ಹಿಂದೆ? ಯಾರಿಂದಾದರೂ ಓದಿಸಿ ಕೇಳಬಹುದಿತ್ತು. ಕೇಳಿದರೆ ಅಂಕಿ ಎಲ್ಲಿ ಹೋಯಿತು ಎಂಬ ಮಾತು ಬರುತ್ತದೆ. ಅವಳು ಕಣ್ಣು ಮುಚ್ಚಿ ಒಂದನ್ನು ಮುಂದಿಟ್ಟಳು, ಹೊಲಿದಳು, ರಟ್ಟು ಕಟ್ಟಿದಳು. ಆಮೇಲೆ ಯಾರೋ ಪುಟಗಳಿಗೆ ಪೆನ್ಸಿಲ್‌ನಲ್ಲಿ ಅಂಕಿ ಹಾಕಿಕೊಂಡರು. ಮೇಷ್ಟ್ರು ಪಾಠ ಶುರು ಮಾಡಿದರು. ಒಂದು ವರ್ಷ ಕಳೆಯಿತು, ಹತ್ತು ಕಳೆಯಿತು, ಯಾರೂ ಬರಲಿಲ್ಲ. ಸರಿಯಾಗಿಯೇ ಹೊಲಿದಿರಬೇಕು ಎಂದು ಅವಳು ನಂಬಲು ಕಲಿತಳು.

ಈ ವರ್ಷ ಪೇಟೆಯ ಒಬ್ಬ ಹಳೆಯ ಡಾಕ್ಟರು ತೀರಿಕೊಂಡಾಗ ಮನೆಯವರು ಆರು ಪೆಟ್ಟಿಗೆ ಪುಸ್ತಕ ಕಾಲೇಜಿಗೆ ಕೊಟ್ಟರು. ನಾಲ್ಕನೆಯ ಪೆಟ್ಟಿಗೆಯ ತಳದಲ್ಲಿ, ಔಷಧಿಯ ವಾಸನೆ ಹೊಡೆಯುತ್ತ, ಹೊಳೆ ಪುಸ್ತಕದ ಇನ್ನೊಂದು ಪ್ರತಿ ಇತ್ತು. ಮೂಲ ಹೊಲಿಗೆ, ಪುಟದ ತಲೆಯ ಮೇಲೆ ಅಂಕಿ.

ಅವಳು ಬಾಗಿಲು ಮುಂದಕ್ಕೆ ತಳ್ಳಿ, ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಹೋಲಿಸಿದಳು. ಆಳಿ ಹೋದವರ ಆ ಭಾಷೆ ಅವಳಿಗೆ ಅಷ್ಟಕ್ಕಷ್ಟೇ. ಓದುವುದೇನೂ ಬೇಕಿರಲಿಲ್ಲ, ಪುಟದ ಆಕಾರ ನೋಡಿದರೆ ಸಾಕಿತ್ತು. ಹಿಂದಿನದು ಮುಂದೆ ಇತ್ತು, ಮುಂದಿನದು ಹಿಂದೆ ಇತ್ತು. ಅಂಬಿಗ ಸತ್ತು ಮರಳಿ ಬಂದಿರಲಿಲ್ಲ. ಅವಳು ಅವನನ್ನು ಸಾಯುವ ಮೊದಲೇ ಮುಳುಗಿಸಿದ್ದಳು.

ಅಂದಿನಿಂದ ಹನ್ನೆರಡು ದಿನ ನಿದ್ದೆ ಅವಳ ಹತ್ತಿರ ಸುಳಿಯಲಿಲ್ಲ. ಮೇಷ್ಟ್ರಿಗೆ ನಿವೃತ್ತಿಗೆ ಮೂರು ತಿಂಗಳು. ಆ ಕಾದಂಬರಿಯ ಮೇಲೆ ಜೀವಮಾನವಿಡೀ ಯೋಚಿಸಿದ್ದನ್ನು ಪುಸ್ತಕ ಮಾಡಿದ್ದರು. ದೊಡ್ಡ ಊರಿನ ಪ್ರಕಾಶಕರು ಒಪ್ಪಿದ್ದರು. ಗುರುವಾರ ಅವರೇ ಬಂದು ಟೈಪಾದ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು.

"ರಟ್ಟಕ್ಕ, ನೀವೇ ಹೊಲಿದುಕೊಡಬೇಕು. ಶನಿವಾರ ಅಂಚೆಗೆ ಹಾಕ್ತೀನಿ. ಐದನೇ ಅಧ್ಯಾಯಾನೇ ಇದರ ಪ್ರಾಣ ನೋಡಿ. ಸತ್ತ ಅಂಬಿಗ ಮರಳಿ ಬರೋದು."

"ಅಲ್ಲಿ ಓದೋರು ದೊಡ್ಡ ದೊಡ್ಡೋರಾ ಸರ್?"

"ಹೂಂ ಮತ್ತೆ. ಹೊರದೇಶದಿಂದ ಒಬ್ಬರು ಮುನ್ನುಡಿ ಬರೀತಾರಂತೆ. ಆ ಪುಸ್ತಕವನ್ನ ಅದರ ಮೊದಲ ಅಚ್ಚಿನಲ್ಲೇ ಓದಿರೋರು."

ಅವರು ಹೋದ ಮೇಲೆ ಅವಳು ದಾರ ತೆಗೆದಳು, ಇಟ್ಟಳು. ಹೊಲಿದು ಕೊಟ್ಟರೆ ಮೇಷ್ಟ್ರು ಜಗತ್ತಿನ ಮುಂದೆ ನಗೆಪಾಟಲಾಗುತ್ತಾರೆ. ಬಾಯಿ ಬಿಟ್ಟರೆ ಅವರ ಪುಸ್ತಕದ ಪ್ರಾಣವನ್ನೇ ಅವಳು ಕಿತ್ತಂತಾಗುತ್ತದೆ, ಜೊತೆಗೆ ಅವಳ ಮೇಲೆ ಅವರಿಗಿದ್ದ ನಂಬಿಕೆಯನ್ನೂ.

ಮರುದಿನ ಬೆಳಗ್ಗೆ ಗಂಡ ಎದುರು ಕೂತು ಶೂ ಲೇಸು ಕಟ್ಟುತ್ತಿದ್ದ. ಅವನು ಸಿಟಿ ಬಸ್ಸಿನ ಕಂಡಕ್ಟರು. ಮನೆಯಲ್ಲೂ ಹಿಂದಿನ ಸೀಟಿನವರಿಗೆ ಕೇಳಿಸುವ ಹಾಗೆಯೇ ಮಾತಾಡುತ್ತಾನೆ.

"ಏನೇ, ಎರಡು ವಾರದಿಂದ ನೋಡ್ತಿದ್ದೀನಿ, ಮುಖ ಅನ್ನೋದು ಒಣಗಿದ ಅಂಟಿನ ಡಬ್ಬಿ ಆಗಿದೆ. ಏನು ಸಮಾಚಾರ?"

ಅವಳು ಹೇಳಿದಳು. ಮೊದಲಿಂದ ಕೊನೆಯವರೆಗೆ, ಅಂಕಿ ನೆಲಕ್ಕೆ ಬಿದ್ದದ್ದರಿಂದ ಶನಿವಾರದ ಅಂಚೆಯವರೆಗೆ. ಅವನು ಒಂದು ಕಾಲಿನ ಲೇಸು ಹಾಗೆಯೇ ಬಿಟ್ಟು ಕೇಳಿದ.

"ನಾನೊಂದು ತಪ್ಪು ಟಿಕೆಟ್ ಹರಿದೆ ಅಂತಿಟ್ಟುಕೋ. ಆಗಲೇ ಕೂಗಿ ಹೇಳಿದ್ರೆ ಅದು ಕೈತಪ್ಪು. ಚೆಕಿಂಗ್‌ನೋರು ಹತ್ತಿದ ಮೇಲೆ ಹೇಳಿದ್ರೆ?"

"ಕಳ್ಳತನ."

"ಅಷ್ಟೇ. ಚೆಕಿಂಗ್‌ನೋರು ಶನಿವಾರ ಹತ್ತುತಾರೆ. ನೀನು ಇವತ್ತೇ ಹೇಳಿ ಇಳಿದುಬಿಡು."

"ಬೈದ್ರೆ ರೀ?"

"ಬೈಸ್ಕೋ. ನಾನು ದಿನಾ ಬೈಸ್ಕೊಳ್ಳಲ್ವಾ? ಕೂದಲು ಬಿಟ್ರೆ ಇನ್ನೇನೂ ಉದುರಿಲ್ಲ."

ಕಾಲೇಜಿಗೆ ಬಂದವಳೇ ಕೋಣೆ ಗುಡಿಸಿದಳು. ಮೇಜು ಒರೆಸಿದಳು. ಎರಡೂ ಪುಸ್ತಕಗಳನ್ನು ತೆರೆದಿಟ್ಟು ಟೈಪಾದ ಕಟ್ಟನ್ನು ಬದಿಗೆ ಸರಿಸಿದಳು. ಮೊದಲ ಗಂಟೆ ಮುಗಿಯುವ ಹೊತ್ತಿಗೆ ಮೇಷ್ಟ್ರು ಇಣುಕಿದರು.

"ಆಯ್ತಾ ನನ್ನ ಕೂಸು?"

"ಇಲ್ಲ ಸರ್. ಇದನ್ನ ನಾನು ಹೊಲಿಯಲ್ಲ."

"ಯಾಕೆ, ದಾರ ಮುಗೀತಾ?"

"ದಾರ ಇದೆ. ನಿಮ್ಮ ಐದನೇ ಅಧ್ಯಾಯ ನಿಲ್ಲಲ್ಲ."

ಮೇಷ್ಟ್ರು ನಕ್ಕರು. "ಅಚ್ಚಾಗೋಕೆ ಮುಂಚೆನೇ ವಿಮರ್ಶೆ ಶುರುವಾಯ್ತಾ? ಆಗಲಿ, ಎಲ್ಲಿ ನಿಲ್ಲಲ್ಲ ತೋರಿಸಿ."

ಅವಳು ತೋರಿಸಿದಳು. ಅವರು ನಗುತ್ತಲೇ ಬಗ್ಗಿದರು. ಒಂದು ಪುಟ ಓದಿದರು, ಪಕ್ಕದ ಪುಸ್ತಕದಲ್ಲಿ ಓದಿದರು, ಮತ್ತೆ ಇದರಲ್ಲಿ ಓದಿದರು. ನಗು ಮುಖದ ಮೇಲೆ ಉಳಿದಿತ್ತು, ಯಾರೋ ತೆಗೆಯಲು ಮರೆತ ಹಾಗೆ.

"ಇದು ಬೇರೆ ಮುದ್ರಣ ಇರಬೇಕು."

"ಅಲ್ಲ ಸರ್, ಒಂದೇ ಅಚ್ಚು. ಇಲ್ಲಿ ನೋಡಿ, ಈ ಅಕ್ಷರದ ಬಾಲ ಮುಕ್ಕಾಗಿದೆ. ಇದರಲ್ಲೂ ಅದೇ ಮುಕ್ಕು."

"ಮತ್ತೆ ಹೇಗೆ..."

"ನಾನೇ ಸರ್. ಸೇರಿದ ಹೊಸದರಲ್ಲಿ. ಎರಡು ಫಾರಂ ಹಿಂದುಮುಂದಾಗಿದೆ. ತಪ್ಪಿರಬಹುದು ಅಂತ ಅವತ್ತೇ ಅನುಮಾನ ಇತ್ತು, ಭಯಕ್ಕೆ ತುಟಿ ಪಿಟಕ್ಕನ್ನಲಿಲ್ಲ. ತಪ್ಪೇ ಅಂತ ಗೊತ್ತಾಗಿ ಇವತ್ತಿಗೆ ಹದಿಮೂರು ದಿನ. ಹೊಟ್ಟೆಗೆ ಹಾಕ್ಕೊಳ್ಳಿ."

"ಹದಿಮೂರು ದಿನ!" ಮೇಷ್ಟ್ರು ನೆಟ್ಟಗಾದರು. "ಅಲ್ಲ, ಇಪ್ಪತ್ತಾರು ವರ್ಷ! ನನ್ನ ಬಾಯಲ್ಲಿ ಏನೇನು ಆಡಿಸಿಬಿಟ್ರಿ ರಟ್ಟಕ್ಕ! ಎಷ್ಟು ಮಕ್ಕಳು ಇದನ್ನ ಬರೆದು ಪಾಸಾಗಿ ಹೋದ್ರು!"

ಆ ಹೊತ್ತಿಗೆ ಗಂಟೆ ಹೊಡೆಯಿತು. ಅವರು ಡಾಕ್ಟರ ಪ್ರತಿಯನ್ನು ಎತ್ತಿಕೊಂಡು, ಅವಳತ್ತ ನೋಡದೆ ಹೊರಟುಹೋದರು.

ರಟ್ಟಕ್ಕ ನಿಂತಲ್ಲೇ ನಿಂತಳು. ಗೋಡೆಯಾಚೆ ಬೆಂಚು ಸರಿದ ಸದ್ದು, ಹಾಜರಿ ಕರೆದ ಸದ್ದು. ಈಗ ಹೇಳುತ್ತಾರೆ, ಬೈಂಡು ಮಾಡುವವಳು ಕೆಡಿಸಿದಳು ಎಂದು ಈಗ ಹೇಳುತ್ತಾರೆ. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಹೋದ ವಾರ ಬರೆಸಿದ್ದನ್ನ ತೆಗೆಯಿರಿ," ಮೇಷ್ಟ್ರ ದನಿ ಬಂತು. "ಅಡ್ಡಗೆರೆ ಎಳೆದು ಹೊಡೆದುಹಾಕಿ. ನನ್ನ ಕೈಲಿದ್ದ ಪ್ರತಿಯಲ್ಲಿ ಹಾಳೆಗಳು ಹಿಂದುಮುಂದಾಗಿದ್ವು. ನೂರು ಸಲ ಓದಿದೆ. ನಾನು ಗಮನಿಸಲಿಲ್ಲ."

ಪಿಸುಪಿಸು ಎದ್ದಿತು. ಯಾರೋ ಕೇಳಿದರು, "ಸರ್, ಹಾಗಾದ್ರೆ ಅಂಬಿಗ ಸತ್ತಿದ್ದಾನಾ, ಇಲ್ವಾ?"

"ಸಾಯ್ತಾನೆ. ಆಮೇಲೆ."

ಹಿಂದಿನ ಬೆಂಚಿನಿಂದ ಇನ್ನೊಂದು ದನಿ. "ಸರ್, ಪರೀಕ್ಷೆಗೆ ಯಾವುದು ಬರೀಬೇಕು?"

ತರಗತಿ ಗೊಳ್ಳೆಂದು ನಕ್ಕಿತು. ಒಂದು ಗಳಿಗೆಯ ನಂತರ ಆ ನಗುವಿನೊಳಗೆ ಮೇಷ್ಟ್ರ ನಗುವೂ ಕೇಳಿಸಿತು, ಕೆಮ್ಮಿನಂತೆ ಶುರುವಾಗಿ, ನಿಲ್ಲಿಸಲಾಗದೆ. ರಟ್ಟಕ್ಕ ಮೇಜಿನ ಅಂಚು ಬಿಟ್ಟು ಕೂತಳು. ಅವಳ ಹೆಸರೇ ಅಲ್ಲಿ ಬಂದಿರಲಿಲ್ಲ.

ತರಗತಿ ಮುಗಿಸಿ ಮೇಷ್ಟ್ರು ಬಂದಾಗ ಕೈಯಲ್ಲಿ ಎರಡು ಲೋಟ ಚಹಾ ಇತ್ತು. ಒಂದನ್ನು ಅವಳ ಮುಂದಿಟ್ಟು, ರಟ್ಟಿನ ಹಾಳೆಗಳ ಅಟ್ಟಿಯ ಮೇಲೆ ಕೂತರು.

"ಮೊದಲನೇ ವರ್ಷವೇ ಒಬ್ಬ ಹುಡುಗಿ ಕೇಳಿದ್ಲು ರಟ್ಟಕ್ಕ. ಸರ್, ಇಲ್ಲಿ ಏನೋ ಹಾಳೆ ಆಚೀಚೆ ಆದ ಹಾಗಿದೆ ಅಂತ. ನಾನೇನಂದೆ ಗೊತ್ತಾ? ಇದು ಸಾಹಿತ್ಯ ಕಣಮ್ಮ, ನೀನು ಲೆಕ್ಕದ ಪಾಠಕ್ಕೆ ಹೋಗು ಅಂದೆ. ಎಲ್ಲರೂ ನಕ್ರು. ಅವಳು ಆಮೇಲೆ ಏನೂ ಕೇಳಲಿಲ್ಲ."

"ಹೊಲಿದೋಳು ನಾನು ಸರ್."

"ಹೊಲಿದೋರು ನೀವು, ಸರಿ. ಓದಿದೋನು ನಾನು. ಇದೇ ನಮ್ಮವನೊಬ್ಬ ಬರೆದ ಪುಸ್ತಕ ಆಗಿದ್ರೆ, ಸತ್ತವನು ಎದ್ದು ಬಂದ ದಿನವೇ ಇಲ್ಲಿಗೆ ಬಂದು, ಏನ್ರೀ ಹೊಲಿದಿದ್ದೀರಿ ಅಂತ ಜಗಳ ಆಡ್ತಿದ್ದೆ. ಇದು ಅವರ ಪುಸ್ತಕ. ಅವರದ್ರಲ್ಲಿ ಗೊಂದಲ ಕಂಡ್ರೆ ನಾನು ಆಳ ಅಂದುಕೊಂಡೆ. ಅವರು ಹೋಗಿ ಎಷ್ಟು ಕಾಲ ಆಯ್ತು? ಅವರ ಪುಸ್ತಕದಲ್ಲಿ ತಪ್ಪಿರಬಹುದು ಅನ್ನೋ ಧೈರ್ಯ ನನಗೆ ಇನ್ನೂ ಬಂದಿರಲಿಲ್ಲ."

ಅವರು ಡಾಕ್ಟರ ಪ್ರತಿಯನ್ನು ತೆರೆದರು. "ಸತ್ತ ಮೇಲೆ ಅಂಬಿಗ ಮಾತಾಡ್ತಾನೆ ಅಂತಿದ್ನಲ್ಲ, ಕೇಳಿದ್ದೀರಾ?"

"ಗೋಡೇಲಿ ಕಂಡಿ ಇದೆ ಸರ್. ಎಲ್ಲಾ ಕೇಳಿದ್ದೀನಿ. ದೆವ್ವದ ಮಾತು, ಸಾಹೇಬನ ಮನಸ್ಸಾಕ್ಷಿ ಅವನ ಬಾಯಿಂದ ಆಡೋ ಮಾತು ಅಂತಿದ್ರಿ."

"ಅದನ್ನ ಈಗ ಸರದಿ ಪ್ರಕಾರ ಓದ್ತೀನಿ ಕೇಳಿ." ಮೇಷ್ಟ್ರು ನಿಧಾನವಾಗಿ, ಒಂದೊಂದೇ ವಾಕ್ಯವನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದಿದರು. ಬೆಳಗ್ಗೆ. ಹೊಳೆಯಲ್ಲಿ ನೀರು ಏರುತ್ತಿದೆ. ಅಧಿಕಾರಿ ದೋಣಿಯಲ್ಲಿ ಕೂತು ತನ್ನ ಊರಿನ ಒಂದು ಸೇತುವೆಯನ್ನು ನೆನೆಯುತ್ತಿದ್ದಾನೆ. ಹಿಂದಿನಿಂದ ಅಂಬಿಗ ಹೇಳುತ್ತಾನೆ: ಮಗಳಿಗೆ ಜ್ವರ, ಮೂರು ದಿನವಾಯಿತು. ಮಧ್ಯಾಹ್ನದ ಮೇಲೆ ಈ ನೀರಿನಲ್ಲಿ ದೋಣಿ ನಿಲ್ಲುವುದಿಲ್ಲ. ಇವತ್ತು ಅರ್ಧ ದಿನ ನನ್ನನ್ನು ಬಿಡಿ. ಅಧಿಕಾರಿ ನೀರಿನ ಬಣ್ಣ ನೋಡುತ್ತಾನೆ. ಸೇತುವೆಗೆ ಎಷ್ಟು ಕಮಾನು ಎಂದು ಎಣಿಸುತ್ತಾನೆ. ಉತ್ತರ ಕೊಡುವುದಿಲ್ಲ. ಮಧ್ಯಾಹ್ನ ಮತ್ತೆ ದೋಣಿ ಹೊರಡುತ್ತದೆ.

ಮೇಷ್ಟ್ರು ಪುಸ್ತಕ ಮಡಿಲಲ್ಲಿಟ್ಟುಕೊಂಡರು.

"ದೆವ್ವದ ಮಾತಲ್ಲ ಇದು ರಟ್ಟಕ್ಕ. ರಜಾ ಅರ್ಜಿ. ಇಪ್ಪತ್ತಾರು ವರ್ಷ ಒಂದು ರಜಾ ಅರ್ಜಿನ ದೆವ್ವದ ಮಾತು ಅಂತ ಪಾಠ ಮಾಡಿದೆ. ಸಾಹೇಬ ಅವನ ಮಾತು ಕೇಳಿಸಿಕೊಳ್ಳಲಿಲ್ಲ ಅಂತ ಮೇಜು ಗುದ್ದಿ ಹೇಳ್ತಿದ್ದೋನು ನಾನೂ ಕೇಳಿಸಿಕೊಂಡಿರಲಿಲ್ಲ."

"ಬಾಯಿಬಿಟ್ಟು ಕೇಳಿದ್ದನಾ ಸರ್? ಬದುಕಿದ್ದಾಗ?"

"ಕೇಳಿದ್ದ. ಇಡೀ ಪುಸ್ತಕದಲ್ಲಿ ಅವನು ಆಡೋದು ಅದೊಂದೇ ಮಾತು."

ಇಬ್ಬರೂ ಚಹಾ ಕುಡಿದರು. ರಟ್ಟಕ್ಕ ತನಗೆ ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ. ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

ಮೇಷ್ಟ್ರು ಅಲ್ಲೇ ಕೂತು ಪ್ರಕಾಶಕರಿಗೆ ಫೋನು ಹಚ್ಚಿದರು. "ಐದನೇ ಅಧ್ಯಾಯ ಮತ್ತೆ ಬರೀಬೇಕಾಗಿದೆ, ಸ್ವಲ್ಪ ಸಮಯ... ಹೌದು, ದೊಡ್ಡ ತಪ್ಪೇ... ಎಷ್ಟು?" ಅವರ ಹುಬ್ಬು ಮೇಲೇರಿತು. ಫೋನನ್ನು ಕಿವಿಯಿಂದ ತೆಗೆದು ಅವಳಿಗೆ ಪಿಸುಗುಟ್ಟಿದರು: "ಎರಡು ತಿಂಗಳು ತಗೊಳ್ಳಿ ಅಂತಾರೆ. ಅವರ ಅಚ್ಚಿನ ಕಾಗದವೇ ಇನ್ನೂ ಬಂದಿಲ್ವಂತೆ!"

"ಅಯ್ಯೋ ದೇವರೇ," ಎಂದು ರಟ್ಟಕ್ಕ ಬಾಯಿಯ ಮೇಲೆ ಕೈಯಿಟ್ಟು ನಕ್ಕಳು. ನಗು ಬೆರಳ ಸಂದಿಯಿಂದ ಹೊರಗೆ ಬಂತು.

ಮೇಷ್ಟ್ರು ಎದ್ದು ಐದನೆಯ ಅಧ್ಯಾಯದ ಹಾಳೆಗಳನ್ನು ಕಟ್ಟಿನಿಂದ ಎಳೆದು, ಮಡಚಿ ಜೇಬಿಗಿಟ್ಟುಕೊಂಡರು. ಬಾಗಿಲ ಬಳಿ ತಿರುಗಿದರು.

"ಆ ಹಳೇ ಪ್ರತಿನ ಬಿಚ್ಚಿ ಸರಿ ಮಾಡಬೇಡಿ. ಹಾಗೇ ಇರಲಿ. ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಏನಾಗಿದೆ ಅಂತ ಬರೆದು. ಆಮೇಲೆ ನಾನು ಹೊಸದಾಗಿ ಬರೆಯೋದನ್ನ ಮೊದಲು ನಿಮಗೆ ಓದಿ ಹೇಳ್ತೀನಿ. ಹೊಲಿಗೆ ಹಾಕೋ ಮುಂಚೆ."

"ಗಂಟೆಗೊಂದು ಚಹಾ ಬೇಕಾಗುತ್ತೆ ಸರ್."

"ಆಗಲಿ ತಾಯಿ. ಕಳಕೊಂಡಿರೋ ಮರ್ಯಾದೆಗಿಂತ ಅಗ್ಗ."

ಸಂಜೆ ಅವಳು ಹತ್ತಿದ್ದು ಗಂಡನದೇ ಬಸ್ಸು. ಅವನು ದೂರದಿಂದಲೇ ಹುಬ್ಬು ಹಾರಿಸಿ 'ಏನಾಯ್ತು' ಎಂದು ಕೇಳಿದ. ಅವಳು ತಲೆಯಾಡಿಸಿದಳು, ಎಲ್ಲ ಸರಿಯಾಯಿತು ಎನ್ನುವ ಹಾಗೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಎರಡು ಬೀದಿ ದಾಟುವುದರೊಳಗೆ ಅವಳ ತಲೆ ಕಂಬಿಗೆ ಒರಗಿತ್ತು.

ಎಚ್ಚರಾದಾಗ ದೀಪಗಳು ಹತ್ತಿದ್ದವು. ಬಸ್ಸು ಖಾಲಿಯಾಗಿತ್ತು. ಹೊರಗೆ ಕಂಡದ್ದು ಅವಳು ಹತ್ತಿದ ಅದೇ ನಿಲ್ದಾಣ, ಅದೇ ಕಾಲೇಜಿನ ಗೇಟು. ಗಂಡ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿಕೊಂಡಿದ್ದ.

"ರೀ, ನಮ್ಮ ಸ್ಟಾಪ್ ಹೋಯ್ತಾ?"

"ಎರಡು ಸಲ. ಹೋಗ್ತಾ ಒಂದು, ಬರ್ತಾ ಒಂದು."

"ಎಬ್ಬಿಸಬಾರದಿತ್ತಾ?"

"ಸ್ಟಾಪ್ ಹೆಸರು ಕೂಗೋಕೆ ಬಾಯಿ ತೆಗೆದೆ. ಗೊರಕೆ ಕೇಳಿಸ್ತು. ಮೆತ್ತಗೆ ಹೇಳಿ ಇಳಿಸಿಬಿಟ್ಟೆ ಎಲ್ಲರನ್ನೂ. ಇಪ್ಪತ್ತು ವರ್ಷದ ಸರ್ವೀಸಲ್ಲಿ ನಾನು ಮೆತ್ತಗೆ ಮಾತಾಡಿದ್ದು ಇವತ್ತೇ. ಡ್ರೈವರು ಹುಷಾರಿಲ್ವಾ ಅಂತ ಕೇಳ್ದ."

ರಟ್ಟಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತೆ ಯಾವಾಗ ಹೊರಡುತ್ತೆ ಬಸ್ಸು?"

"ಹತ್ತು ನಿಮಿಷ."

"ಹಾಗಾದ್ರೆ ಈ ಸಲ ಎಬ್ಬಿಸಿ," ಎಂದು ಅವಳು ಮತ್ತೆ ಕಿಟಕಿಗೆ ಒರಗಿ ಕಣ್ಣು ಮುಚ್ಚಿದಳು.